ಗೊತ್ತಿಲ್ಲ, ಟೀಚರ್

ಇವತ್ತು ಐದೂವರೆಗೆ ಎದ್ದೆ. ಬಚ್ಚಲ ಒಲೆಗೆ ತೆಂಗಿನ ಗರಿ ಹಾಕಿ ನೀರು ಕಾಯಿಸಿದೆ. ನಿನ್ನೆ ಉಳಿದಿದ್ದ ಎರಡು ಬ್ಲೌಸುಗಳಿಗೆ ಹುಕ್ಕು ಹೊಲಿದು, ಒಂದನ್ನು ಎದುರು ಮನೆಗೆ ಕೊಟ್ಟು ಬಂದೆ. ತಂಗಿ ಜೆಸ್ಸಿಯ ವಾರದ ಮಾತ್ರೆಗಳನ್ನು ಡಬ್ಬಿಯ ಏಳು ಕುಳಿಗಳಿಗೆ ತುಂಬಿಸಿದೆ. ಸ್ಕೂಟರಿನಲ್ಲಿ ಬಂದ ಮೀನಿನವನಿಂದ ಬೂತಾಯಿ ತೆಗೆದುಕೊಂಡು, ಕೊಯ್ದು ತೊಳೆದು, ಉಪ್ಪು ಅರಿಶಿನ ಹಚ್ಚಿಟ್ಟೆ. ಪರ್ಕಳದಿಂದ ಉಡುಪಿಗೆ ಒಂದು ಬಸ್ಸು, ಉಡುಪಿಯಿಂದ ಕಾಪುವಿಗೆ ಇನ್ನೊಂದು ಬಸ್ಸು ಹಿಡಿದೆ. ಇಗರ್ಜಿಯಲ್ಲಿ, ಟೀಚರ್ ತೀರಿಕೊಂಡು ತಿಂಗಳಾದ ಪೂಜೆಯಲ್ಲಿ ಕುಳಿತೆ. ಆಮೇಲೆ ಅವರ ಮನೆಗೆ ನಡೆದು ಹೋಗಿ, ಬಡಗಿಯೊಬ್ಬ ಅವರ ಬಾಗಿಲಿಗೆ ಹೊಸ ಚಿಲಕ ಕೂರಿಸುವುದನ್ನು ನಿಂತು ನೋಡಿದೆ.

ಆ ಬಾಗಿಲಿಗೆ ಐವತ್ತು ವರ್ಷಗಳಿಂದ ಚಿಲಕವಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಸತ್ತರೆ ಪತ್ರಿಕೆಯಲ್ಲಿ ಫೋಟೋ ಹಾಕಬಾರದೆಂದು ಮೊದಲೇ ಹೇಳಿಟ್ಟಿದ್ದವರು, ಹೆಸರು ಹಾಕಿದರೂ ಮುಖ ಸಿಂಡರಿಸಿಯಾರು. ಊರಿಗೆಲ್ಲ ಅವರು ಟೀಚರ್. ಯಾವ ಶಾಲೆಯಲ್ಲಿಯೂ ಅವರು ಕಲಿಸಿದವರಲ್ಲ. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದರು, ಅಷ್ಟೇ. ನನಗೂ ಹೇಳಿಕೊಟ್ಟರು, ನನಗಿಂತ ಆರು ವರ್ಷ ಚಿಕ್ಕವಳಾದ ಜೆಸ್ಸಿಗೂ. ಉಳಿದ ದಿನಗಳಲ್ಲಿ ಅವರ ಜೀವನ ನಡೆದದ್ದು ಮಲ್ಲಿಗೆಯಲ್ಲಿ. ಅಂಗಳದ ತುಂಬ ಗಿಡಗಳು. ಬಿಸಿಲು ಏರುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಏಜೆಂಟನ ಬೈಕು ಬರುವ ಹೊತ್ತಿಗೆ ಜಗಲಿಯಲ್ಲಿ ಇಟ್ಟುಬಿಡುತ್ತಿದ್ದರು. ಅವರು ಮಲ್ಲಿಗೆ ಮುಡಿದದ್ದನ್ನು ಮಾತ್ರ ನಾನು ನೋಡಿಲ್ಲ.

ಪಾಠದಲ್ಲಿ ಅವರದ್ದೊಂದು ಪ್ರಶ್ನೆ ಇತ್ತು. ವರ್ಷದಲ್ಲಿ ಹತ್ತು ಸಲವಾದರೂ ಕೇಳುತ್ತಿದ್ದರು.

"ಯೇಸು ಸ್ವಾಮಿ ತಿರುಗಿ ಬರುವುದು ಹೌದಾ?"

"ಹೌದು, ಟೀಚರ್."

"ಯಾವಾಗ?"

"ಗೊತ್ತಿಲ್ಲ, ಟೀಚರ್."

ಗಟ್ಟಿಯಾಗಿ ಹೇಳಬೇಕು. ಸ್ವರ ಸಣ್ಣದಾದರೆ ಇನ್ನೊಮ್ಮೆ ಹೇಳಿಸುತ್ತಿದ್ದರು. ಒಂದು ವರ್ಷ ಹೊಸದಾಗಿ ಬಂದ ಫಾದರ್ ಪರೀಕ್ಷೆ ಮಾಡಲು ಬಂದು ಇದೇ ಪ್ರಶ್ನೆ ಕೇಳಿದರು. ಮೂವತ್ತು ಮಕ್ಕಳು ಹಂಚು ಹಾರುವ ಹಾಗೆ "ಗೊತ್ತಿಲ್ಲ" ಎಂದು ಕೂಗಿದೆವು. ಫಾದರ್ ಕನ್ನಡಕ ತೆಗೆದು ಟೀಚರ್ ಕಡೆ ತಿರುಗಿದರು.

"ಎಂತ ಟೀಚರ್, ಇವರಿಗೆ ಪಾಠ ಆಗಿಲ್ವಾ?"

"ಆಗಿದೆ ಫಾದರ್. ಅದೇ ಉತ್ತರ. ಸ್ವಾಮಿಯೇ ಹೇಳಿ ಹೋದದ್ದಲ್ವಾ, ದೇವದೂತರಿಗೂ ಗೊತ್ತಿಲ್ಲ ಅಂತ. ಈ ಮಕ್ಕಳಿಗೆ ಗೊತ್ತಾದರೆ ಅಲ್ಲವಾ ನಾವು ಹೆದರಬೇಕಾದದ್ದು?"

ಫಾದರ್ ನಕ್ಕು ಎಲ್ಲರಿಗೂ ಪೆಪ್ಪರ್‌ಮಿಂಟ್ ಕೊಟ್ಟರು.

ನನಗೆ ಮದುವೆಯಾಗಿ ಪರ್ಕಳಕ್ಕೆ ಬಂದ ಮೇಲೂ ಅವರ ಜೊತೆಗಿನ ನಂಟು ಬಿಡಲಿಲ್ಲ. ಕಾರಣ ಹೊಲಿಗೆ. ಇಗರ್ಜಿಯ ಪೀಠದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡುವ ಕೆಲಸ ಅವರದ್ದು. ಶನಿವಾರ ಕಾಪುವಿಗೆ ಹೋಗಿ ಅಂಚು ಬಿಚ್ಚಿದ್ದನ್ನು ಹೊಲಿಯುವುದು ನನ್ನದು. ಪೂಜೆಯ ಪಾತ್ರೆಯ ಕೆಳಗೆ ಹಾಸುವ ಚೌಕ ಬಟ್ಟೆಯನ್ನು ಅವರು ಒಳಮುಖವಾಗಿ ಆ ಕಡೆಯಿಂದ ಮೂರು, ಈ ಕಡೆಯಿಂದ ಮೂರು ಮಡಿಕೆ ಮಾಡುತ್ತಿದ್ದರು. ಪರಮಪ್ರಸಾದದ ರೊಟ್ಟಿಯ ಒಂದು ಹುಡಿಯೂ ನೆಲಕ್ಕೆ ಬೀಳಬಾರದೆಂದು. ಅದನ್ನು ಅದ್ದಿ ತೆಗೆದ ಮೊದಲ ನೀರನ್ನು ಚರಂಡಿಗೆ ಚೆಲ್ಲುವ ಹಾಗಿಲ್ಲ, ಮಲ್ಲಿಗೆಯ ಬುಡಕ್ಕೆ. ಕೆಲಸದ ನಡುವೆ ಹೊರಗೆ ಜಲ್ಲಿಕಲ್ಲಿನ ಮೇಲೆ ಯಾರದ್ದಾದರೂ ಹೆಜ್ಜೆ ಕೇಳಿದರೆ ಅವರ ಕೈ ನಿಲ್ಲುತ್ತಿತ್ತು. ಗಲ್ಲ ತುಸು ಮೇಲಕ್ಕೆ ಏಳುತ್ತಿತ್ತು. ಬಂದದ್ದು ಪೋಸ್ಟಿನವನು ಅಥವಾ ಹೂವಿನವನು ಎಂದು ತಿಳಿದ ಮೇಲೆ ಮಡಿಕೆ ಮುಂದುವರಿಯುತ್ತಿತ್ತು.

ಅವರು ಯಾರನ್ನು ಕಾಯುತ್ತಿದ್ದರು ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಅವರಿಗೊಬ್ಬ ಅಣ್ಣ. ಹರೆಯದಲ್ಲಿ ಬೊಂಬಾಯಿಗೆ ಹೋದವರು ಒಂದು ಕಾಗದವನ್ನೂ ಹಾಕಲಿಲ್ಲ. ತಾಯಿ ಮಗನ ದಾರಿ ನೋಡುತ್ತಲೇ ತೀರಿಹೋದರು. ಟೀಚರ್ ಒಂದೇ ಒಂದು ಸಲ ಬಿಟ್ಟರೆ ಯಾವ ರಾತ್ರಿಯೂ ಆ ಮನೆ ಬಿಟ್ಟು ಬೇರೆ ಕಡೆ ಮಲಗಿದವರಲ್ಲ. ಅಣ್ಣ ಬಂದಾಗ ಮನೆಯಲ್ಲಿ ಜನ ಇರಬೇಕು. ಇಗರ್ಜಿಯಿಂದ ಬಸ್ಸು ಮಾಡಿ ಯಾತ್ರೆಗೆ ಹೊರಟರೆ ಹರಕೆಯ ಮೇಣದ ಬತ್ತಿ ಕೊಟ್ಟು ಕಳಿಸುವರು, ತಾವು ಹೋಗರು. ಕಾರ್ಕಳದಲ್ಲಿ ಚಿಕ್ಕಪ್ಪನ ಮೊಮ್ಮಗಳ ಮದುವೆಯಾದಾಗ ಊಟ ಅರ್ಧಕ್ಕೆ ಬಿಟ್ಟು ಬಸ್ಸು ಹಿಡಿದರು. ಬಾಗಿಲಿಗೆ ಚಿಲಕ ಇಲ್ಲದ್ದೂ ಅದಕ್ಕೇ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಚಿಲಕದ ಮೊಳೆಗಳಿದ್ದ ನಾಲ್ಕು ತೂತುಗಳಿಗೆ ಮೇಣ ತುಂಬಿಸಿಟ್ಟಿದ್ದರು. ರಾತ್ರಿ ಬಾಗಿಲು ಗಾಳಿಗೆ ಬಡಿಯದ ಹಾಗೆ ಒಂದು ಮರದ ಮಣೆಯನ್ನು ಒರಗಿಸಿ ಇಡುತ್ತಿದ್ದರು. ಹೊರಗಿನಿಂದ ಮಗು ತಳ್ಳಿದರೂ ತೆರೆಯುತ್ತಿತ್ತು.

"ಕಳ್ಳರು ಬಂದರೆ ಟೀಚರ್?" ಎಂದು ನಾನು ಕೇಳಿದ್ದೆ.

"ಬರಲಿ ಮಾರಾಯ್ತಿ. ಮಣೆ ಬಿದ್ದ ಸದ್ದಿಗೆ ನನಗೆ ಎಚ್ಚರ ಆಗ್ತದೆ, ಚಾ ಮಾಡಿ ಕೊಡುವಾ."

ಈಗ ಜೆಸ್ಸಿಯ ಸಂಗತಿ ಹೇಳಬೇಕು. ಟೀಚರನ್ನು ನಾನು ನಿಜವಾಗಿ ತಿಳಿದದ್ದು ಅವಳ ದೆಸೆಯಿಂದ.

ಜೆಸ್ಸಿ ಹದಿನೇಳು ವರ್ಷ ಕುವೈಟಿನಲ್ಲಿ ಒಂದೇ ಮನೆಯ ಮಕ್ಕಳನ್ನು ನೋಡಿಕೊಂಡಿದ್ದಳು. ಮಕ್ಕಳು ದೊಡ್ಡವರಾದರು, ಅವಳಿಗೆ ಸಕ್ಕರೆ ಕಾಯಿಲೆ ಬಂತು, ಟಿಕೇಟು ಮಾಡಿ ಕಳಿಸಿದರು. ಮೊದಲ ಆರು ತಿಂಗಳು ಆ ಮಕ್ಕಳು ಫೋನ್ ಮಾಡಿದರು, ಆಮೇಲೆ ಇಲ್ಲ. ನನ್ನ ಗಂಡ ತೀರಿಹೋಗಿ ಆಗ ಎರಡು ವರ್ಷ. ಪರ್ಕಳದ ನನ್ನ ಮನೆಯಲ್ಲಿ ನಾವಿಬ್ಬರೇ. ನಾನು ಹೊಲಿಗೆ ಮೆಷಿನ್ ತುಳಿಯುತ್ತ ಕೂತರೆ ಅವಳು ಕಿಟಕಿಯ ಹತ್ತಿರ ಫೋನ್ ಹಿಡಿದು ಕೂರುವಳು. ಇಡೀ ದಿನದಲ್ಲಿ ಹತ್ತು ಮಾತು ಆದರೆ ಹೆಚ್ಚು.

ಆ ಮಳೆಗಾಲದ ಶುರುವಿಗೆ ಒಂದು ಅಂಗಡಿಯ ಮಾಳಿಗೆಯಲ್ಲಿ ಪ್ರಾರ್ಥನಾ ಕೂಟ ಶುರುವಾಯಿತು. ನಡೆಸುತ್ತಿದ್ದವನು ಹೊರಗಿನವನು. ಯಾವ ಇಗರ್ಜಿಗೂ ಸೇರಿದವನಲ್ಲ. ಬ್ರದರ್ ಎನ್ನುತ್ತಿದ್ದರು. ಜೆಸ್ಸಿ ಹೋಗತೊಡಗಿದಳು. ಬಂದು ಊಟಕ್ಕೆ ಕೂತಾಗ ಅವಳ ಮುಖದಲ್ಲಿ ಬಣ್ಣ ಇರುತ್ತಿತ್ತು.

"ಅಲ್ಲಿ ಎಂತ ಉಂಟು ಅಷ್ಟು?" ಎಂದೆ.

"ಹೆಸರು ಹೇಳಿ ಕರೀತಾರೆ ಅಕ್ಕ. ನಿನ್ನೆ ಬಾರದಿದ್ದರೆ ಇವತ್ತು ಯಾಕೆ ಬರಲಿಲ್ಲ ಅಂತ ಕೇಳ್ತಾರೆ."

ನಾನು ಅವಳನ್ನು ಹಾಗೆ ಏನನ್ನೂ ಕೇಳುತ್ತಿರಲಿಲ್ಲ.

ಎರಡು ತಿಂಗಳು ಹಾಡು, ಪ್ರಾರ್ಥನೆ, ಚಾ. ಮೂರನೆಯ ತಿಂಗಳು ಬ್ರದರಿಗೆ ದರ್ಶನವಾಯಿತು. ಕ್ರಿಸ್ತರು ಬರುವ ದಿನ ಅವನಿಗೆ ತಿಳಿದುಬಿಟ್ಟಿತು. ಅದರ ಹಿಂದಿನ ಮೂರು ದಿನ ಲೋಕಕ್ಕೆ ಕತ್ತಲು ಕವಿಯುವುದಂತೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿ, ಅವನು ಮಂತ್ರಿಸಿದ ಜೇನುಮೇಣದ ಬತ್ತಿ ಉರಿಸಿ, ನೀರು ಮಾತ್ರ ಕುಡಿದು ಒಳಗೆ ಇರಬೇಕು. ಬಾಗಿಲು ತೆಗೆಯಬಾರದು. ಇದನ್ನೆಲ್ಲ ಜೆಸ್ಸಿ ಅಕ್ಕಿ ತರಲು ಹೇಳುವ ಹಾಗೆ ಹೇಳಿದಳು. ನಾನು ನಕ್ಕೆ. ಅವಳು ಮತ್ತೆ ಎರಡು ದಿನ ಮಾತಾಡಲಿಲ್ಲ.

ಶನಿವಾರ ಕಾಪುವಿಗೆ ಹೋದಾಗ ಟೀಚರಿಗೆ ಇದನ್ನು ತಮಾಷೆಯ ಹಾಗೆ ಹೇಳಿದೆ. ಜೆಸ್ಸಿ ತಂದಿಟ್ಟದ್ದರಲ್ಲಿ ಒಂದು ಬತ್ತಿಯನ್ನೂ ಚೀಲದಿಂದ ತೆಗೆದು ತೋರಿಸಿದೆ. ಅವರು ಮೂಗಿನ ಹತ್ತಿರ ಹಿಡಿದರು, ಉಗುರಿನಿಂದ ಕೆರೆದರು.

"ಇದರಲ್ಲಿ ಜೇನುಮೇಣ ಎಲ್ಲಿ ಉಂಟು? ಕರೆಂಟು ಹೋದರೆ ಉರಿಸುವ ಬತ್ತಿ ಇದು. ನಲವತ್ತು ವರ್ಷ ಪೀಠದ ಬತ್ತಿ ಕೆರೆದವಳು ನಾನು, ನನಗೆ ಪರಿಮಳ ಗೊತ್ತಾಗುವುದಿಲ್ವಾ?"

ಇಬ್ಬರೂ ನಕ್ಕೆವು. ನಾನು ಬಾಗಿಲಿನ ಮಾತು ಹೇಳಿದಾಗ ಅವರ ನಗು ನಿಂತಿತು.

"ಪರಿಚಯದ ಸ್ವರ ಕೇಳಿದರೂ ತೆಗೆಯಬಾರದು ಅಂತ ಹೇಳಿದ್ದಾನಾ? ದೆವ್ವ ನಮ್ಮವರ ಸ್ವರದಲ್ಲಿ ಬಂದು ಕರೀತದೆ ಅಂತ?"

"ಹೌದು. ನಿಮಗೆ ಹೇಗೆ ಗೊತ್ತು?"

ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. "ಅವಳನ್ನು ತಮಾಷೆ ಮಾಡಬೇಡ. ಆ ಮೂರು ದಿನ ನೀನು ಮನೆ ಬಿಟ್ಟು ಹೋಗಬೇಡ" ಎಂದರು.

ಹೋಗಬಾರದಿತ್ತು. ಆದರೆ ಹಿರಿಯಡ್ಕದ ಒಂದು ಮನೆಯವರಿಗೆ ಮಕ್ಕಳ ಯೂನಿಫಾರ್ಮು ಆ ದಿನವೇ ಬೇಕಿತ್ತು. ಬ್ರದರನ ಕತ್ತಲು ಶುರುವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. "ಹನ್ನೆರಡರ ಒಳಗೆ ಬರ್ತೀಯಾ ಅಕ್ಕ?" ಎಂದು ಜೆಸ್ಸಿ ಎರಡು ಸಲ ಕೇಳಿದಳು. ಹೂಂ ಎಂದು ಹೋದೆ. ವಾಪಸು ಬರುವಾಗ ಬಸ್ಸಿನ ಚಕ್ರ ಪಂಕ್ಚರ್ ಆಯಿತು. ನಾನು ಅಂಗಳಕ್ಕೆ ಕಾಲಿಟ್ಟಾಗ ಹನ್ನೆರಡೂ ಮುಕ್ಕಾಲು. ಬಾಗಿಲು ಹಾಕಿತ್ತು. ಕಿಟಕಿಗಳೆಲ್ಲ ಕಪ್ಪು. ಒಳಗಿನಿಂದ ಜಪಸರದ ಪ್ರಾರ್ಥನೆ ಸಣ್ಣಗೆ ಕೇಳುತ್ತಿತ್ತು.

"ಜೆಸ್ಸಿ, ನಾನು. ಬಸ್ಸು ಹಾಳಾಯ್ತು ಮಾರಾಯ್ತಿ. ತೆಗಿ."

ಪ್ರಾರ್ಥನೆ ನಿಂತಿತು. ಅವಳ ಸ್ವರ ಬಂತು. "ನನ್ನ ಅಕ್ಕ ಹನ್ನೆರಡರ ಒಳಗೆ ಬರ್ತೇನೆ ಅಂತ ಹೇಳಿದವಳು."

"ಅದೇ ಅಕ್ಕ ನಾನು. ತಡ ಆಯ್ತು."

"ಸ್ವರ ಸರಿಯಾಗಿ ಅವಳದ್ದೇ ಮಾಡಿದ್ದೀ."

ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆ. ಅವಳು ಬಾವಿಕಟ್ಟೆಯಿಂದ ಬಿದ್ದು ಹಣೆ ಒಡೆದುಕೊಂಡದ್ದನ್ನು ಹೇಳಿದೆ. ಅಮ್ಮ ಅವಳಿಗೆ ಮಾತ್ರ ಮಾಡಿಕೊಡುತ್ತಿದ್ದ ಬೆಲ್ಲದ ದೋಸೆಯನ್ನು ಹೇಳಿದೆ. ಗುರುತು ಹೇಳಿದಷ್ಟೂ ಅವಳ ಪ್ರಾರ್ಥನೆಯ ಸ್ವರ ಏರಿತು. ನಾನೇ ನಾನೆಂದು ತೋರಿಸಲು ನನ್ನ ಬಳಿ ಇದ್ದದ್ದೆಲ್ಲ ನನಗೆ ವಿರುದ್ಧವಾಗಿಯೇ ಹೋಯಿತು. ನನ್ನ ಮನೆಯ ಮೆಟ್ಟಿಲಿನ ಮೇಲೆ ಖಾಲಿ ಚೀಲ ಹಿಡಿದು ನಿಂತಿದ್ದೆ. ಲೋಕದಲ್ಲಿ ನನ್ನನ್ನು ಬಲ್ಲವಳು ಅವಳೊಬ್ಬಳೇ, ಅವಳಿಗೆ ನಾನು ದೆವ್ವ.

ಹೆದರಿಕೆ ಇದ್ದದ್ದು ಸಕ್ಕರೆ ಕಾಯಿಲೆಗೆ. ಬೆಳಿಗ್ಗೆ ಮಾತ್ರೆ ನುಂಗಿದವಳು ಊಟ ಬಿಟ್ಟರೆ ಬೆವತು ಬಿದ್ದುಬಿಡುತ್ತಾಳೆ. ಹಿಂದೊಮ್ಮೆ ಆಗಿತ್ತು. ಮೂರು ದಿನ ಬಿಡಿ, ಮೂರು ಹೊತ್ತು ತಡೆಯುವ ದೇಹ ಅದಲ್ಲ. ಪಕ್ಕದ ಬಾಡಿಗೆಮನೆಯವರು ಹೊರಗೆ ಬಂದು, "ಒದ್ದು ತೆಗೆಯುವಾ ಅಕ್ಕ, ಹಳೆ ಬಾಗಿಲು, ಎರಡು ಏಟಿಗೆ ಬರ್ತದೆ" ಎಂದರು. ನಾನು ಟೀಚರಿಗೆ ಫೋನ್ ಮಾಡಿದೆ.

"ಒಡೆಯಬೇಡ," ಎಂದರು. "ಒಡೆದು ಒಳಗೆ ಬಂದವರನ್ನು ಅವಳು ಮತ್ತೆ ನಂಬಲಿಕ್ಕಿಲ್ಲ. ನಾನು ಬರ್ತೇನೆ. ಅಲ್ಲಿವರೆಗೆ ಬಾಗಿಲ ಹತ್ತಿರವೇ ಕೂತುಕೋ, ಮಾತಾಡ್ತಾ ಇರು. ಬಿದ್ದ ಸದ್ದು ಕೇಳಿದರೆ ಮಾತ್ರ ಒಡೆಯಿರಿ."

ಮೂರು ಗಂಟೆಯ ಹೊತ್ತಿಗೆ ಕೊಡೆ ಊರಿಕೊಂಡು ಬಂದರು. ನಲ್ಲಿಯಲ್ಲಿ ಕಾಲು ತೊಳೆದರು. ಪಕ್ಕದ ಮನೆಯಿಂದ ನೀರು ತರಿಸಿ ಕುಡಿದರು. ಮೆಟ್ಟಿಲಿನ ಮೇಲೆ ಬಾಗಿಲಿಗೆ ಭುಜ ಕೊಟ್ಟು ಕೂತು, ಧರ್ಮಪಾಠದ ಕೋಣೆಯ ಅದೇ ಸ್ವರದಲ್ಲಿ ಮಾತು ತೆಗೆದರು. ನಾವು ಮನೆಯಲ್ಲಿ ಆಡುವುದು ಕೊಂಕಣಿ. ಅವರು ಹೇಳಿದ್ದನ್ನು ನೆನಪಿದ್ದಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಜೆಸ್ಸಿ, ನಾನು ಕಾಪುವಿನ ಟೀಚರ್ ಅಂತ ನೀನು ನಂಬಬೇಕಾಗಿಲ್ಲ. ಬಾಗಿಲು ತೆಗಿ ಅಂತ ನಾನು ಹೇಳುವುದಿಲ್ಲ. ನಾನು ಒಂದು ತಪ್ಪು ಮಾಡಿದ್ದೇನೆ. ಯಾರಿಗೂ ಹೇಳಿದವಳಲ್ಲ. ಅದನ್ನು ಹೇಳಿ ಮುಗಿಸ್ತೇನೆ. ಕೇಳುವುದಿದ್ದರೆ ಕೇಳು, ಇಲ್ಲದಿದ್ದರೆ ಜಪ ಮಾಡು.

"ನನಗೆ ಆಗ ಇಪ್ಪತ್ತಮೂರು. ಊರಲ್ಲಿ ಒಂದು ಕಾಗದ ಓಡಾಡ್ತಿತ್ತು, ಕೈಯಲ್ಲಿ ಬರೆದದ್ದು. ಓದಿದವರು ಒಂಬತ್ತು ಪ್ರತಿ ಮಾಡಿ ಹಂಚಬೇಕು ಅಂತ. ಮೂರು ದಿನದ ಕತ್ತಲು, ಮಂತ್ರಿಸಿದ ಬತ್ತಿ, ಬಾಗಿಲು, ಈಗ ನಿಮ್ಮ ಬ್ರದರ್ ಹೇಳುವುದೆಲ್ಲ ಅದರಲ್ಲಿ ಇತ್ತು. ದಿನ ಕೂಡ ಹಾಕಿತ್ತು. ಒಂಬತ್ತು ಪ್ರತಿಯನ್ನೂ ನಾನೇ ಬರೆದೆ. ನನ್ನ ಅಕ್ಷರ ಚಂದ ಅಂತ ಅಮ್ಮ ಹೊಗಳಿದರು.

"ಅಣ್ಣ ನಂಬಲಿಲ್ಲ. ಅವನಿಗೆ ಬೇರೆ ಚಿಂತೆ. ಕಾರ್ಕಳದ ಒಂದು ಹುಡುಗಿಯನ್ನು ಮೆಚ್ಚಿದ್ದ, ನಮ್ಮ ಪೈಕಿಯವಳಲ್ಲ. 'ಅವಳನ್ನು ಕರ್ಕೊಂಡು ಬಂದರೆ ಬಾಗಿಲು ತೆಗೆಯಲಿಕ್ಕಿಲ್ಲ' ಅಂತ ಅಮ್ಮ ಸಿಟ್ಟಿನಲ್ಲಿ ಹೇಳಿದ್ದರು. ಅವ ಹೊರಟು ಹೋದ. ಅದಾಗಿ ಒಂದು ವಾರಕ್ಕೆ ಆ ಮೂರು ದಿನ ಬಂತು. ಅಮ್ಮ, ನಾನು ಕಿಟಕಿಗೆ ಕಂಬಳಿ ಕಟ್ಟಿ ಒಳಗೆ ಕೂತೆವು.

"ಎರಡನೇ ದಿನ ಸಂಜೆ ಬಾಗಿಲು ತಟ್ಟಿದ ಸದ್ದು. ಅಣ್ಣನ ಸ್ವರ. ಅವನು ಮಾತ್ರ ನನ್ನನ್ನು ಕರೆಯುವ ಹೆಸರು ಒಂದಿತ್ತು, ಆ ಹೆಸರಿನಲ್ಲಿ ಕರೆದ. 'ಮದುವೆ ಆಯ್ತು, ಇವಳು ಬಂದಿದ್ದಾಳೆ. ಅಮ್ಮ ತೆಗೆಯದಿದ್ದರೆ ಬೇಡ, ನೀನೊಮ್ಮೆ ಹೊರಗೆ ಬಂದು ನೋಡಿ ಹೋಗು' ಅಂದ. ಆ ಸ್ವರ ಒಂಚೂರು ಬೇರೆ ಇದ್ದಿದ್ದರೆ ನಾನು ತೆಗೀತಿದ್ದೆನೋ ಏನೋ. ಅಷ್ಟೂ ಅವನದ್ದೇ ಇತ್ತು. ಅದಕ್ಕೇ ಹೆದರಿದೆ. ಪ್ರೀತಿಯವರ ಸ್ವರದಲ್ಲೇ ಬರ್ತದೆ ಅಂತ ಕಾಗದದಲ್ಲಿ ಇತ್ತಲ್ಲ, ನಾನೇ ಒಂಬತ್ತು ಸಲ ಬರೆದದ್ದು. ಅವ ಮೂರು ಸಲ ಕರೆದ. ಚಿಲಕದ ಮೇಲೆ ನನ್ನ ಕೈ ಇತ್ತು. ತೆಗೆಯಲಿಲ್ಲ.

"ಮೂರು ದಿನ ಕಳೆದು ಬಾಗಿಲು ತೆಗೆದೆವು. ಒಳ್ಳೇ ಬಿಸಿಲು. ಮೂರು ದಿನವೂ ಹಾಗೇ ಇತ್ತಂತೆ. ಮೆಟ್ಟಿಲಿನ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ, ಒಣಗಿ ಹೋಗಿತ್ತು. ನಮಗೆ ಅಂತ ಆ ಹುಡುಗಿ ತಂದದ್ದು. ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದು ಎದ್ದು ಹೋದರಂತೆ, ಬೊಂಬಾಯಿ ಬಸ್ಸಿಗೆ. ಪಕ್ಕದ ಮನೆಯವರು ನೋಡಿದ್ದಾರೆ. ಅಮ್ಮ ಆಡಿದ ಮಾತನ್ನು ಅಮ್ಮ ನಡೆಸಿದರು ಅಂತ ಅವ ತಿಳ್ಕೊಂಡ. ತಂಗಿಯೂ ಸೇರಿದಳು ಅಂತ. ನಾವು ಅವನಿಗೆ ಬಾಗಿಲು ಹಾಕಿದ್ದಲ್ಲ, ದೆವ್ವಕ್ಕೆ ಹಾಕಿದ್ದು ಅಂತ ಅವನಿಗೆ ಯಾರು ಹೇಳಬೇಕು? ಮರುದಿನ ನಾನೇ ಸುತ್ತಿಗೆ ತಂದು ಚಿಲಕ ಕಿತ್ತೆ. ಮಂತ್ರಿಸಿದ ಬತ್ತಿ ಅರ್ಧ ಉಳಿದಿತ್ತು, ಅದನ್ನು ಕರಗಿಸಿ ತೂತು ಮುಚ್ಚಿದೆ. ಇಷ್ಟೇ ಜೆಸ್ಸಿ."

ಟೀಚರ್ ಚೀಲದಿಂದ ಪೀಠದ ಬಟ್ಟೆಯೊಂದನ್ನು ಎಳೆದು ನನ್ನ ಮಡಿಲಿಗೆ ಹಾಕಿದರು. "ಅಂಚು ಬಿಚ್ಚಿದೆ, ನೋಡು. ಸುಮ್ಮನೆ ಕೂತು ಎಂತ ಮಾಡುವುದು?" ಸೂಜಿ ನೂಲನ್ನೂ ತಂದಿದ್ದರು. ನಾನು ಹೊಲಿಯತೊಡಗಿದೆ. ಕಣ್ಣು ತುಂಬಿ ದಾರ ಕಾಣುತ್ತಿರಲಿಲ್ಲ. ಅರ್ಧ ಅಂಚು ಮುಗಿದಿರಬೇಕು, ಬಾಗಿಲಿನ ಆಚೆ, ತುಂಬ ಹತ್ತಿರದಿಂದ ಜೆಸ್ಸಿ ಕೇಳಿದಳು:

"ಅವರು ನಿಮ್ಮನ್ನು ಎಂತ ಹೆಸರಿನಲ್ಲಿ ಕರೆದದ್ದು, ಟೀಚರ್?"

"ಅದನ್ನು ಹೇಳಲಿಕ್ಕಿಲ್ಲ. ಅದು ಅವನದ್ದು."

ನಾನು ಮತ್ತೆ ಸೂಜಿ ಚುಚ್ಚಿದೆ. ಆಮೇಲೆ ಚಿಲಕದ ಸದ್ದು. ಜೆಸ್ಸಿ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಕುತ್ತಿಗೆಯೆಲ್ಲ ಬೆವರು. ಟೀಚರ್ ಏಳುವ ಮೊದಲೇ, "ಸಕ್ಕರೆ, ಸಕ್ಕರೆ ತಾ" ಎಂದರು. ನಾನು ಅಡುಗೆಮನೆಗೆ ಓಡಿ ಮೂರು ಚಮಚ ಸಕ್ಕರೆ ಕದಡಿ ತಂದು ಕುಡಿಸಿದೆ. ಮೇಜಿನ ಮೇಲೆ ಬ್ರದರನ ಬತ್ತಿ ಉರಿಯುತ್ತಿತ್ತು. ಅದನ್ನು ಯಾರೂ ಆರಿಸಲಿಲ್ಲ, ತಾನಾಗಿ ಮುಗಿಯಿತು.

ಸಂಜೆ ಗಂಜಿ ಉಣ್ಣುವಾಗ ಜೆಸ್ಸಿ ತಟ್ಟೆ ನೋಡುತ್ತಾ ಹೇಳಿದಳು, "ದೆವ್ವ ಆಗಿದ್ದರೆ ತನ್ನ ತಪ್ಪು ಹೇಳಿಕೊಳ್ತಿರಲಿಲ್ಲ ಅಂತ ಕಂಡಿತು. ಬ್ರದರ್ ಒಂದು ದಿನವೂ ಹೇಳಿದ್ದಿಲ್ಲ, ತನ್ನದು ತಪ್ಪಾಗಬಹುದು ಅಂತ."

"ಹೇಳಲಿಕ್ಕೆ ಅವನಿಗೆ ಇನ್ನೂ ಎರಡು ದಿನ ಉಂಟು," ಎಂದರು ಟೀಚರ್.

ಕಾಪುವಿಗೆ ಹೋಗಲು ಇನ್ನೂ ಬಸ್ಸು ಇತ್ತು. ಟೀಚರ್ ಕೊಡೆ ಕೈಗೆತ್ತಿಕೊಂಡರು. ಜೆಸ್ಸಿ ಅವರ ಸೆರಗು ಹಿಡಿದು, "ಇವತ್ತೊಂದು ದಿನ ನಿಲ್ಲಿ ಟೀಚರ್, ನನಗೆ ಇನ್ನೂ ಹೆದರಿಕೆ ಉಂಟು" ಎಂದಳು. ಅವರು ಬಾಗಿಲಿನ ಕಡೆ ನೋಡಿದರು, ಗಡಿಯಾರದ ಕಡೆ ನೋಡಿದರು. ಕೊಡೆಯನ್ನು ಮೂಲೆಗೆ ಒರಗಿಸಿದರು. ಐವತ್ತು ವರ್ಷಗಳಲ್ಲಿ ಅದೊಂದೇ ರಾತ್ರಿ ಅವರು ತಮ್ಮ ಮನೆಯಲ್ಲಿ ಇರಲಿಲ್ಲ.

ಬೆಳಿಗ್ಗೆ ಜೆಸ್ಸಿಯನ್ನು ಪಕ್ಕದ ಮನೆಯವರ ಜೊತೆ ಬಿಟ್ಟು, ಮೊದಲ ಬಸ್ಸಿಗೆ ನಾನೂ ಅವರ ಜೊತೆ ಹೋದೆ. ಮನೆಯ ಹತ್ತಿರ ಬಂದಾಗ ಅವರ ನಡಿಗೆ ಬಿರುಸಾಯಿತು. ಪಕ್ಕದ ಮನೆಯ ಹೆಂಗಸು ಅಂಗಳ ಗುಡಿಸುತ್ತಿದ್ದಳು.

"ಯಾರಾದರೂ ಬಂದಿದ್ದರಾ?"

"ನಿಮ್ಮಲ್ಲಿಗಾ? ಯಾರೂ ಇಲ್ಲ ಟೀಚರ್. ಬೆಕ್ಕು ಒಳಗೆ ಹೋದದ್ದು ನೋಡಿದೆ."

"ಬೆಕ್ಕಾ," ಎಂದರು. ಸ್ವಲ್ಪ ಹೊತ್ತು ಮೆಟ್ಟಿಲಿನ ಮೇಲೆ ನಿಂತು, ಕಾಲಿನಿಂದ ಅಲ್ಲಿನ ಒಣ ಎಲೆಗಳನ್ನು ಸರಿಸಿ ನೋಡಿದರು. ಆಮೇಲೆ ಬುಟ್ಟಿ ತೆಗೆದುಕೊಂಡು ಮೊಗ್ಗು ಕೊಯ್ಯಲು ಹೋದರು. ತಡವಾಗಿತ್ತು, ಅರ್ಧಕ್ಕರ್ಧ ಅರಳಿಬಿಟ್ಟಿದ್ದವು.

ಬ್ರದರ್ ಹೇಳಿದ ದಿನ ಬಂತು, ಹೋಯಿತು. ಅವನು ಇನ್ನೊಂದು ದಿನ ಕೊಟ್ಟ. ಅದೂ ಹೋದ ಮೇಲೆ ಮಾಳಿಗೆಗೆ ಬೀಗ ಬಿತ್ತು, ಅವನು ಎಲ್ಲಿಗೆ ಹೋದನೋ ತಿಳಿಯದು. ಅವನ ಬತ್ತಿಗಳನ್ನು ಕಾಪು ಕಡೆಯವರೂ ಕೆಲವರು ತಂದಿಟ್ಟುಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ನಾಚಿಕೆ. ಎಸೆಯಲೂ ಹೆದರಿಕೆ. ಟೀಚರ್ ಇಗರ್ಜಿಯ ಹಿಂಬಾಗಿಲಿನಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಇಟ್ಟರು, ಅಷ್ಟೇ. ಭಾನುವಾರಕ್ಕೆ ಅದು ತುಂಬಿತ್ತು. ಯಾರು ಹಾಕಿದರೆಂದು ನೋಡಲಿಲ್ಲ, ಕೇಳಲಿಲ್ಲ. ಸತ್ತವರ ಹಬ್ಬದ ದಿನ ಇಗರ್ಜಿಯ ಸ್ಮಶಾನದಲ್ಲಿ ಹೂವಿಲ್ಲದ, ಯಾರೂ ಬಾರದ ಗೋರಿಗಳ ಮೇಲೆಲ್ಲ ಆ ಬತ್ತಿಗಳನ್ನು ಹಚ್ಚಿಸಿದರು. ಜೆಸ್ಸಿಯೂ ಹಚ್ಚಿದಳು.

ಆ ಹೊತ್ತಿಗೆ ಅವಳು ಕೇಳಿದಳು, "ನಾನು ಕಾದದ್ದೇ ತಪ್ಪಾ ಟೀಚರ್?"

"ಕಾಯುವುದು ತಪ್ಪು ಅಂತ ನಾನು ಹೇಳಿದರೆ ನನ್ನನ್ನು ಕೇಳುವವರು ಯಾರು? ಕಾಯಬೇಕು. ದಿನ ಹೇಳಿದವನನ್ನು ನಂಬಬಾರದು. ಬಾಗಿಲು ಹಾಕಲಿಕ್ಕೆ ಹೇಳಿದವನನ್ನು ಮೊದಲೇ ನಂಬಬಾರದು. ಬರುವವನು ಹೊರಗಿನಿಂದ ತಾನೇ ಬರುವುದು?"

ಅಂದಿನಿಂದ ಶನಿವಾರಗಳಲ್ಲಿ ಜೆಸ್ಸಿಯೂ ನನ್ನ ಜೊತೆ ಬರತೊಡಗಿದಳು. ಮಡಿಕೆ ಹಾಕುವುದನ್ನು ಕಲಿತಳು. ಮೂರು ವರ್ಷ ಹಾಗೆ ನಡೆಯಿತು. ವಾರದ ನಡುವೆ ಯಾವುದಾದರೂ ದಿನ ಟೀಚರ್ ಫೋನ್ ಮಾಡಿ, "ಜೆಸ್ಸಿ, ನಿನ್ನೆ ಎಂತ ಮಾಡಿದೆ?" ಎಂದು ಕೇಳುತ್ತಿದ್ದರು. ಈಗ ನಾನು ಕೇಳುತ್ತೇನೆ.

ತಿಂಗಳ ಹಿಂದೆ ಬೆಳಿಗ್ಗೆ ಹೂವಿನ ಏಜೆಂಟ್ ಬಂದಾಗ ಜಗಲಿಯಲ್ಲಿ ಹೂವು ಇರಲಿಲ್ಲ. ಬಾಗಿಲು ತಳ್ಳಿದ, ಮಣೆ ಬಿತ್ತು. ಆ ಸದ್ದಿಗೆ ಒಳಗಿನಿಂದ ಯಾರೂ ಏಳಲಿಲ್ಲ. ಅವರನ್ನು ತೊಳೆದು ಸೀರೆ ಉಡಿಸಿದ್ದು ಜೆಸ್ಸಿ ಮತ್ತು ನಾನು. ಶವಪೆಟ್ಟಿಗೆಯ ಹಿಂದೆ ಮನೆಯವರೆಂದು ನಡೆಯಲು ಇದ್ದದ್ದು ಕಾರ್ಕಳದ ಚಿಕ್ಕಪ್ಪನ ಮಗ ಒಬ್ಬರೇ.

ಇವತ್ತು ಚಿಲಕ ಹಾಕಿಸಿದ್ದು ಅವರೇ. ಕೆಟ್ಟವರಲ್ಲ. "ಮನೆ ಹೀಗೆ ತೆರೆದು ಬಿಟ್ಟರೆ ಆಗ್ತದಾ ನೀವೇ ಹೇಳಿ" ಎಂದರು. ಆಗುವುದಿಲ್ಲ. ಬಡಗಿ ಹಳೆಯ ತೂತುಗಳನ್ನೇ ಹುಡುಕಿದ. ಮೊಳೆಯ ತುದಿಗೆ ಮೇಣ ಸಿಕ್ಕಿ ಸಣ್ಣ ಬಿಳಿ ಹುಡಿಯಾಗಿ ಹೊಸ್ತಿಲಿನ ಮೇಲೆ ಉದುರಿತು. ಜೆಸ್ಸಿ ಪೂಜೆಗೂ ಬಂದಿರಲಿಲ್ಲ. "ಬಂದರೆ ಚಿಲಕ ಹಾಕುವುದನ್ನು ನೋಡಬೇಕಾಗ್ತದೆ, ನನ್ನಿಂದ ಆಗಲಿಕ್ಕಿಲ್ಲ ಅಕ್ಕ" ಎಂದು ನಿನ್ನೆಯೇ ಹೇಳಿದ್ದಳು.

ಹೊರಗೂ ಒಂದು ಕೊಂಡಿ ಹೊಡೆದು ಬೀಗ ಹಾಕಿದ ಮೇಲೆ ನಾನು ಚೀಲದಿಂದ ಒಂದು ಕಾಗದ ತೆಗೆದೆ. ಬೆಳಿಗ್ಗೆ ಬರೆದು, ಬ್ಲೌಸ್ ಪೀಸಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಹೊಲಿದು ತಂದಿದ್ದೆ. ಬಾಗಿಲಿಗೆ ಮೊಳೆ ಹೊಡೆಯಲು ಬಡಗಿಗೆ ಹೇಳಿದೆ. ಚಿಕ್ಕಪ್ಪನ ಮಗ ಕನ್ನಡಕ ಹಾಕಿ ಓದಿದರು. ಈ ಮನೆಯವರನ್ನು ಹುಡುಕಿಕೊಂಡು ಬಂದವರು ಈ ನಂಬರಿಗೆ ಫೋನ್ ಮಾಡಬೇಕು, ಆ ದಿನ ಬಾಗಿಲು ಹಾಕಿದ್ದು ನಿಮಗಲ್ಲ ಎಂದು ಬರೆದಿದ್ದೆ.

"ಅಣ್ಣನಿಗಾ?" ಎಂದರು ಅವರು. "ಇದ್ದರೆ ಅವರಿಗೆ ಎಂಬತ್ತರ ಹತ್ತಿರ ಆಗಿರ್ತದೆ. ಯಾವಾಗ ಬರುವುದಂತೆ ಇನ್ನು?"

"ಗೊತ್ತಿಲ್ಲ," ಎಂದೆ. ಸ್ವರ ಸಣ್ಣದಾಯಿತು. ಇನ್ನೊಮ್ಮೆ ಹೇಳಿದೆ.

ಮನೆಗೆ ಬರುವಾಗ ದೀಪ ಹಾಕುವ ಹೊತ್ತು. ಜೆಸ್ಸಿ ಬೂತಾಯಿಯ ಪುಳಿಮುಂಚಿ ಸಾರು ಮಾಡಿಟ್ಟಿದ್ದಳು. ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ, ಸ್ವಲ್ಪ ಮಜ್ಜಿಗೆ. ಅವಳು ಎರಡು ಮೀನು ತಿಂದಳು, ನಾನು ಒಂದು. ಕಾಗದ ಹೊಡೆದೆಯಾ ಎಂದು ಕೇಳಿದಳು, ಹೂಂ ಎಂದೆ. ಕೈ ತೊಳೆದು ಬಂದು ನನ್ನ ಫೋನನ್ನು ಚಾರ್ಜಿಗೆ ಹಾಕಿದಳು, ಸದ್ದು ಪೂರ್ತಿ ಏರಿಸಿ ಇಟ್ಟಳು. ಜೆಸ್ಸಿ ಮೊದಲು ಮಲಗಿದಳು. ನಾನು ಪಾತ್ರೆ ಮಗುಚಿಟ್ಟು, ಚಿಲಕ ಹಾಕಿ, ಯಾರಾದರೂ ಕರೆದರೆ ಕೇಳುವ ಹಾಗೆ ಬಾಗಿಲ ಪಕ್ಕದಲ್ಲೇ ಚಾಪೆ ಹಾಸಿದೆ.